ಹೊಂದಿಕೊಳ್ಳುವವರು ಬೇಕು

"ನನಗೆ ಬೇಕಾದ್ದು ಎರಡೇ," ಎಂದರು ಸಾಹುಕಾರ ರಂಗಸ್ವಾಮಿ. "ನಮ್ಮ ಮನಸ್ಸಿಗೆ ಹೊಂದಬೇಕು, ತಲೇಲಿ ಹೊಸ ಯೋಚನೆ ಇರಬೇಕು. ಹೇಳಮ್ಮ, ಈ ತೋಟದಲ್ಲಿ ಏನು ಬದಲಾಗಬೇಕು?"

ಹಾನುಬಾಳಿನ ಹತ್ತಿರದ ಅವರ ಕಾಫಿ ತೋಟಕ್ಕೆ ಹೊಸ ರೈಟರ್ ಬೇಕಾಗಿತ್ತು. ಆಳುಗಳ ಹಾಜರಿ, ಕಾಗದಪತ್ರ ನೋಡಿಕೊಳ್ಳುತ್ತಿದ್ದ ಲಾಜರಸ್ ಇಪ್ಪತ್ತೆರಡು ವರ್ಷ ದುಡಿದು, 1979ರ ಆ ನವೆಂಬರ್ ಕೊನೆಗೆ ಕೆಲಸ ಬಿಡುವವರಿದ್ದರು. ಎದುರು ನಿಂತಿದ್ದ ಗಂಗಾಮಣಿ ಅದೇ ತೋಟದ ಆಳುಗಳ ಮನೆಸಾಲಿನಲ್ಲಿ, ಕೂಲಿ ಲೈನಿನಲ್ಲಿ, ಹುಟ್ಟಿದವಳು. ಪಿಯುಸಿ ಪಾಸಾಗಿ ಸಕಲೇಶಪುರದಲ್ಲಿ ಟೈಪಿಂಗ್ ಕಲಿತಿದ್ದಳು. ಅರ್ಜಿ ಹಾಕು ಎಂದು ಅವಳಿಗೆ ಹೇಳಿದವರು ಲಾಜರಸ್ಸೇ.

"ಪಲ್ಪರ್ ನೀರು, ಸಾವ್ಕಾರ್ರೇ," ಎಂದಳು. "ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಆ ಕೊಳಕು ನೀರೆಲ್ಲ ಹಳ್ಳಕ್ಕೆ ಹೋಗ್ತೈತೆ. ಕೆಳಗೆ ಲೈನ್‌ನೋರು ಕುಡಿಯೋದು ಅದೇ ಹಳ್ಳದ ನೀರು. ಕುಯ್ಲು ಶುರುವಾದ್ರೆ ಸಾಕು, ಮಕ್ಕಳಿಗೆ ಭೇದಿ. ಹೋದ ವರ್ಷ ನಮ್ಮಕ್ಕನ ಮಗು ಹೋಗ್ಬುಡ್ತು. ಎರಡು ಗುಂಡಿ ತೋಡಿ ನೀರು ಆ ಕಡೆ ತಿರುಗಿಸಿದ್ರೆ ಆಯ್ತು. ನಾಲ್ಕು ಆಳು, ಮೂರು ದಿನದ ಕೆಲಸ."

ರಂಗಸ್ವಾಮಿಯವರ ಮುಖ ಬಿಗಿಯಿತು. "ಕೆಲಸ ಕೇಳೋಕೆ ಬಂದೋಳು ನನ್ನ ತಪ್ಪು ಹುಡುಕ್ತೀಯೇನು?"

"ಏನು ಬದಲಾಗಬೇಕು ಅಂತ ನೀವೇ ಕೇಳಿದ್ರಲ್ಲ."

"ಸಾಕು. ಹೊರಗೆ ಕೂತಿರು."

ಅವಳು ಜಗಲಿಗೆ ಹೋದಳು. ರಂಗಸ್ವಾಮಿ ಪಕ್ಕದ ಮೇಜಿನಲ್ಲಿ ಕೂತಿದ್ದ ಲಾಜರಸ್ ಕಡೆ ತಿರುಗಿದರು. "ನಂಜುಂಡನ ಹೆಸರಿಗೆ ಆರ್ಡರ್ ಬರೀರಿ." ನಂಜುಂಡ ಅವರ ಹೆಂಡತಿಯ ತಮ್ಮ. ಅರ್ಧ ಗಂಟೆ ಹಿಂದೆ ಇದೇ ಪ್ರಶ್ನೆಗೆ, "ನೀವಿರೋವಾಗ ಇಲ್ಲಿ ಬದಲಾಗೋಕೆ ಏನೈತೆ ಭಾವ?" ಎಂದು ನಕ್ಕಿದ್ದ.

ಲಾಜರಸ್ ಪೆನ್ನು ಮುಟ್ಟಲಿಲ್ಲ. "ಆ ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿದೆ?"

"ಸುಳ್ಳು ಅಂತ ಯಾರಂದ್ರು? ನಮಗೆ ಹೊಂದಲ್ಲ ಅಷ್ಟೆ. ನಿಮ್ಮಂಥೋರು ಬೇಕು ಮಾರಾಯ್ರೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಎದುರು ಮಾತಾಡಿದ್ದೀರಾ?"

ಹೊಗಳಿಕೆ ಕೆನ್ನೆಗೆ ಬಾರಿಸಿದಂತೆ ಬಿತ್ತು. ಆ ಹಳ್ಳ ಕಪ್ಪಗಾಗುವುದನ್ನು ಲಾಜರಸ್ ವರ್ಷ ವರ್ಷವೂ ನೋಡಿದ್ದರು. ಮಗು ಸತ್ತ ದಿನ ಅದರ ತಾಯಿಯ ಹೆಸರಿನ ಮುಂದೆ 'ಗೈರುಹಾಜರಿ' ಎಂದು ಬರೆದಿದ್ದೂ ಅವರದೇ ಕೈ. ಹಾಳೆ ಎಳೆದುಕೊಂಡು, ತಲೆ ಎತ್ತದೆ, ಪುಟ ತುಂಬ ಬರೆದರು.

"ಇಷ್ಟುದ್ದ ಏನ್ರೀ ಆರ್ಡರ್ರು? ಕೊಡಿ, ಸಹಿ ಹಾಕ್ತೀನಿ."

"ಇದಕ್ಕೆ ನಿಮ್ಮ ಸಹಿ ಬೇಡ," ಎಂದು ಲಾಜರಸ್ ಎದ್ದರು. "ಇದು ತಾಲ್ಲೂಕು ಆಸ್ಪತ್ರೆ ಡಾಕ್ಟರಿಗೆ. ಆ ನೀರಿನ ಮೇಲೆ ದೂರು."

ಜಗಲಿಗೆ ಬಂದು ಹಾಳೆಯನ್ನು ಗಂಗಾಮಣಿಯ ಕೈಗೆ ಕೊಟ್ಟರು. ಅವಳು ಓದಿ ಮುಗಿಸುವವರೆಗೂ ಕಾದರು. ಕೆಳಗೆ ಅವರ ಹೆಸರಿತ್ತು, ಅದರ ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ.

"ಮೊದಲು ನೀನು ಸಹಿ ಹಾಕಮ್ಮ," ಎಂದು ಪೆನ್ನು ಚಾಚಿದರು. "ನಾನು ತಡವಾಗಿ ಬಂದವನು."