ಹನ್ನೊಂದನೇ ಸೆಕ್ಟರಿನ ಸೋದರಮಾವ

ಒಂದಾನೊಂದು ಕಾಲದಲ್ಲಿ, ಎಂದರೆ ಹೋದ ಮಾಘದಲ್ಲಿ, ಒಬ್ಬ ಸೋದರಮಾವನಿದ್ದ. ತಂಗಿಯ ಮಗಳು ಹುಟ್ಟಿದ ದಿನವೇ ಅವಳ ಮುಷ್ಟಿ ಹಿಡಿದು, “ನಿನ್ನ ಮದುವೆಗೆ ಕೆಂಪು ಚೂಡಾ ತೊಡಿಸೋದು ಈ ಕೈಯೇ” ಎಂದು ಮಾತು ಕೊಟ್ಟಿದ್ದ. ಆ ಬಳೆಗಳನ್ನು ಚೀಲದಲ್ಲಿಟ್ಟುಕೊಂಡು, ಖಾಲಿ ಹೊಟ್ಟೆಯಲ್ಲಿ, ಮಾನ್ಸಾ ಕಡೆಯ ಹಳ್ಳಿಯಿಂದ ಮೊದಲ ಬಸ್ಸು ಹತ್ತಿದ ಬಲಕಾರ್ ಸಿಂಗ್ ಚಂಡೀಗಢದ ಹನ್ನೊಂದನೇ ಸೆಕ್ಟರಿನ 614ನೇ ಮನೆಯ ಗೇಟು ತಟ್ಟಿದಾಗ ಗಂಟೆ ಒಂಬತ್ತು. ಡೋಲಿನ ಸದ್ದಿಲ್ಲ, ಹೂವಿನ ಸರವಿಲ್ಲ. ಮುದುಕರೊಬ್ಬರು ಪೇಪರು ಓದುತ್ತಿದ್ದರು.

“ನನ್ನ ತಂಗಿ ಛಿಂದರ್ ಮನೆ ಇದೇ ಅಲ್ವಾ ಯಜಮಾನ್ರೇ? ಇವತ್ತು ಮದುವೆ.”

“ನಮ್ಮನೇಲಾ? ನನಗೇ ಹೇಳಿಲ್ವಲ್ಲಪ್ಪ!” ಮುದುಕರು ಕಾರ್ಡು ಇಸಿದುಕೊಂಡರು. “ಇದು ಪಕ್ಕದೂರು ಪಂಚಕುಲದ ಹನ್ನೊಂದನೇ ಸೆಕ್ಟರ್ ಇರಬೇಕು. ಅಲ್ಲೂ ಒಂದು ಹನ್ನೊಂದಿದೆ.”

“ಚಂಡೀಗಢ ಅಂತ ಅಚ್ಚಾಗಿದೆ ನೋಡಿ. ನನ್ನ ತಂಗಿ ಇಪ್ಪತ್ತು ವರ್ಷದಿಂದ ಚಂಡೀಗಢದವಳು.”

“ಊರಿಗೆ ಹೋದಾಗ ಎಲ್ಲರೂ ಚಂಡೀಗಢದವರೇ. ಪಂಚಕುಲದವರೂ, ಮೊಹಾಲಿಯವರೂ. ಇಲ್ಲಿಗೆ ವಾಪಸ್ ಬಂದ್ಮೇಲೆ ಮೂರೂ ಊರು ಸೇರಿಸಿ ಟ್ರೈಸಿಟಿ ಅಂತಾರೆ. ನಿಂತ್ಕೋಬೇಡ, ಆಟೋ ಹಿಡಿ.”

ಬಲಕಾರ್ ಆಟೋದಲ್ಲಿ ಕೂತು ತಂಗಿಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ತಂಗಿಯ ಮನೆ ಅವನು ಕಂಡದ್ದೇ ಇಲ್ಲ. ಹೆಣ್ಣು ಕೊಟ್ಟ ಮನೆಯ ನೀರೂ ಮುಟ್ಟಬಾರದೆನ್ನುವ ಮನೆತನ ಅವರದು. ರಾಖಿ ಕಟ್ಟಲು ಛಿಂದರಳೇ ಪ್ರತಿ ವರ್ಷ ಊರಿಗೆ ಬರುತ್ತಿದ್ದಳು.

ಪಂಚಕುಲದಲ್ಲಿ ಮದುಮಗಳು ಹರ್ನೀತ್ ಹಸಿದುಕೊಂಡೇ ಮಣೆಯ ಮೇಲೆ ಕೂತಿದ್ದಳು. ಚೂಡಾ ಏರುವ ತನಕ ಅವಳೂ, ತೊಡಿಸುವ ಮಾವನೂ ಏನೂ ತಿನ್ನುವಂತಿಲ್ಲ. ಮದುವೆಗೆ ಹನ್ನೊಂದು ಗಂಟೆಗೆ ಗುರುದ್ವಾರದಲ್ಲಿರಬೇಕು. ಅವಳ ಸೋದರತ್ತೆ ಅಂಗಡಿಯಿಂದ ಬೇರೊಂದು ಜೊತೆ ಚೂಡಾ ತರಿಸಿ ನೀರುಹಾಲಿನ ಬಟ್ಟಲಲ್ಲಿ ಮುಳುಗಿಸಿಯೂ ಆಗಿತ್ತು.

“ಪಕ್ಕದ್ಮನೆ ಧರಂಪಾಲ್ ಹಾಕ್ತಾರೆ, ಕೈ ಚಾಚೇ. ಹಳ್ಳಿ ಮಾವ, ದಾರೀಲಿ ಎಮ್ಮೆ ಕಂಡು ಮಾತಾಡ್ತಾ ನಿಂತಿರ್ಬೇಕು.”

“ಮಾವ ಬರ್ಲಿ,” ಎನ್ನುತ್ತ ಹರ್ನೀತ್ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡಳು.

ಹತ್ತೂಕಾಲಿಗೆ ಬಲಕಾರ್ ಬಾಗಿಲಲ್ಲಿ ನಿಂತ.

“ಎಲ್ಲಿ ಹಾಳಾಗಿ ಹೋಗಿದ್ದೆ ಅಣ್ಣಾ?” ಛಿಂದರ್ ಕಿರುಚಿದಳು.

“ನಿನ್ನ ಕಾರ್ಡಲ್ಲಿ ಇರೋ ಕಡೆ.”

ಅವಳು ತಲೆ ತಗ್ಗಿಸಿದಳು. ತವರೂರಿನವರಿಗೆಂದೇ ಅವಳು ಚಂಡೀಗಢ ಎಂದು ಬೇರೆ ಕಾರ್ಡು ಅಚ್ಚು ಹಾಕಿಸಿದ್ದಳು. ಮೇಜಿನ ಮೇಲೆ ಉಳಿದಿದ್ದ ಕಾರ್ಡುಗಳಲ್ಲಿ ಪಂಚಕುಲ ಎಂದೇ ಇತ್ತು. ಬಲಕಾರ್ ಅದನ್ನೂ ಓದಿದ. ಅಂಗಡಿಯ ಬಳೆಗಳನ್ನು ಬಟ್ಟಲಿಂದ ತೆಗೆದು ಸೋದರತ್ತೆಯ ಕೈಗೆ ಕೊಟ್ಟು, ತನ್ನವನ್ನು ಅದ್ದಿದ.

ಹರ್ನೀತ್ ಕಣ್ಣು ಮುಚ್ಚಿ ಕೈ ಚಾಚಿದಳು. ಒಂದೊಂದೇ ಬಳೆ ಏರುತ್ತಿದ್ದಂತೆ ಛಿಂದರ್ ಅಣ್ಣನ ಕಿವಿಯ ಹತ್ತಿರ ಬಗ್ಗಿದಳು.

“ನಾಳೆ ಊರಲ್ಲಿ ಕೇಳ್ತಾರಲ್ಲ ಅಣ್ಣಾ, ಎಲ್ಲಿಗೆ ಹೋಗಿದ್ದೆ ಅಂತ...”

“ಚಂಡೀಗಢಕ್ಕೆ ಅಂತೀನಿ,” ಎಂದ ಬಲಕಾರ್. “ನನ್ನ ಬಾಯಲ್ಲಿ ಅದು ಸುಳ್ಳಾಗಲ್ಲ.”

ಕೊನೆಯ ಬಳೆ ಹರ್ನೀತಳ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು.