ಗಲ್ಲದ ಕೆಳಗಿನ ನೊರೆ

ಮೇಷ್ಟರ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕ್ಷೌರಿಕ ಕೇಳಿಬಿಟ್ಟ: “ನಾಳೆ ಸಂಜೆ ಪಾರ್ಟಿಗೆ ಬರ್ತೀರಲ್ಲ, ಸಾರ್?”

ಕೇಳಿದ ಮೇಲೆ ತಪ್ಪು ಹೊಳೆಯಿತು. ಗಂಟಲ ಮೇಲೆ ಕತ್ತಿ ಆಡುವಾಗ ಗಿರಾಕಿಯನ್ನು ಮಾತಾಡಿಸಬಾರದೆಂದು ಕಸುಬು ಕಲಿತ ದಿನದಿಂದ ಪಾಲಿಸಿಕೊಂಡು ಬಂದವನು ಅವನು. ಆದರೆ ಕನ್ನಡಿಯಲ್ಲಿ ಅವರ ಕಣ್ಣು ಸಿಕ್ಕಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗುತ್ತಿತ್ತು. ಮಗಳಿಗೆ ನರ್ಸ್ ಕೆಲಸ ಸಿಕ್ಕ ಖುಷಿಗೆ ಗಿರಾಕಿಗಳನ್ನೆಲ್ಲ ಮನೆಗೆ ಊಟಕ್ಕೆ ಕರೆದಿದ್ದ. ಇದೇ ಕುರ್ಚಿಯಲ್ಲಿ ಕೂತು ಸಂಸಾರದ ಗುಟ್ಟೆಲ್ಲ ಹೇಳಿಕೊಳ್ಳುವವರು ಬರ್ತೀವಿ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. “ಎಷ್ಟು ಜನಕ್ಕೆ ಅಂತ ಅಡುಗೆಯವರು ಪ್ರಾಣ ತಿಂತಿದ್ದಾರೆ. ಕುತ್ತಿಗೆ ಮೇಲೆ ಕೂತಾದ್ರೂ ಕೇಳಿ,” ಎಂದು ಹೆಂಡತಿ ಬೆಳಿಗ್ಗೆ ರೇಗಿದ್ದಳು. ಮಗಳು ಮಾತ್ರ ನಕ್ಕಿದ್ದಳು: “ಯಾರು ಬರದಿದ್ರೂ ಮೇಷ್ಟ್ರು ಬಂದೇ ಬರ್ತಾರಪ್ಪ. ನಂಗೆ ಲೆಕ್ಕ ಕಲಿಸಿದವರಲ್ವಾ?”

ಅವನು ಕ್ಷೌರ ಪೂರ್ತಿ ಮುಗಿಸಿ ಕತ್ತಿಯನ್ನು ಕೆಳಗಿಟ್ಟ. ಮೇಷ್ಟರ ಮುಖದ ನೊರೆಯನ್ನು ಒದ್ದೆ ಟವೆಲ್ಲಿನಿಂದ ಒರೆಸಿ, ಕುರ್ಚಿಯ ಹಿಂದೆ ಕೈಕಟ್ಟಿ ನಿಂತ. “ಈಗ ಹೇಳಿ, ಸಾರ್.”

ಮೇಷ್ಟ್ರು ಕನ್ನಡಿಯಲ್ಲಿ ಅವನನ್ನು ನೋಡಿದರು. ಆಮೇಲೆ ಗಲ್ಲದ ಕೆಳಗೆ ಬೆರಳಾಡಿಸಿಕೊಂಡರು. ಅಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

“ಇಲ್ಲಿ ಇನ್ನೊಂಚೂರು ಇದೆ ನೋಡಪ್ಪ,” ಎಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ತಾವಾಗಿಯೇ ತಲೆ ಹಿಂದಕ್ಕೆ ಚೆಲ್ಲಿ, ಗಂಟಲನ್ನು ಕತ್ತಿಗೆ ಒಡ್ಡಿದರು.