ಮೂರನೆಯ ತಪ್ಪು

"ಸಿಕ್ಕಿಬಿತ್ತು ಅಕ್ಕಾ! ಮೂರನೇದು!"

ಫೋನಿನ ಆ ಬದಿಯಲ್ಲಿ ಕನ್ನಡಕದ ಅಕ್ಕ ಉಸಿರು ಬಿಗಿಹಿಡಿದಳು. ಹನ್ನೆರಡು ವರ್ಷ ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ ಪಕ್ಕಪಕ್ಕ ಕೂತು ಎದೆಯ ಎಕ್ಸ್‌ರೇ ಓದಿದವರು ಇಬ್ಬರೂ. ಈಗ ಆ ಕೆಲಸ ಯಂತ್ರದ್ದು. ಒಂಬತ್ತು ಜನ ಮನೆ ಸೇರಿದ್ದರು. ಅಕ್ಕ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತಿದ್ದಳು. ಯಂತ್ರದ ವರದಿಗೆ ಮನುಷ್ಯರ ಸಹಿ ಬೇಕೆಂದು ಕಾನೂನು ಹೇಳಿದ್ದರಿಂದ, ಫೋನ್ ಮಾಡಿದ ಇವಳೊಬ್ಬಳು ಉಳಿದಿದ್ದಳು.

ಅದೇ ಕಾನೂನಿನಲ್ಲಿ ಇನ್ನೊಂದು ಸಾಲಿತ್ತು. ಮೊದಲ ವರ್ಷದಲ್ಲಿ ಯಂತ್ರ ಮೂರು ಸಲ ತಪ್ಪಿದ್ದು ಸಾಬೀತಾದರೆ ಅದನ್ನು ನಿಲ್ಲಿಸಿ ಹಳಬರನ್ನು ವಾಪಸ್ ಕರೆಯಬೇಕು. ಎರಡು ತಪ್ಪು ಆಗಿದ್ದವು. ಎರಡು ಸಲವೂ ಅದು ಇಲ್ಲದ ರೋಗ ಕಂಡಿತ್ತು. ವರ್ಷ ಮುಗಿಯಲು ಇನ್ನು ಎರಡೇ ದಿನ.

"ಏನಂತೆ ಈ ಸಲ?"

"ಎಡಗಡೆ ಶ್ವಾಸಕೋಶದಲ್ಲಿ ಗಂಟಂತೆ. ಗಂಟಂತೆ ಗಂಟು, ಮಣ್ಣಾಂಗಟ್ಟಿ! ಪಕ್ಕೆಲುಬಿನ ನೆರಳು ಅದು."

"ಚೆನ್ನಾಗಿ ನೋಡಿದ್ಯೇನೇ?"

"ನೋಡೋದೇನು ಬಂತು? ಆ ಹೆಂಗಸು ಗುಂಡುಕಲ್ಲಿನ ಹಾಗಿದ್ದಾಳೆ. ಒಂದು ದಿನ ಜ್ವರ ಅಂತ ಮಲಗಿದವಳಲ್ಲ."

"ನಿಂಗೆ ಹೇಗೆ ಗೊತ್ತು?"

"ಗೊತ್ತು ಬಿಡಕ್ಕಾ."

ಮರುದಿನ ಪರಿಶೀಲನಾ ಕಚೇರಿಯ ಲಿಫ್ಟ್ ಕೆಟ್ಟಿತ್ತು. ಎಕ್ಸ್‌ರೇ ಚಿತ್ರ ಹಿಡಿದು ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಆಕೆ ಎರಡು ಕಡೆ ಗೋಡೆ ಹಿಡಿದು ನಿಂತಳು. ಸಂಭ್ರಮಕ್ಕೇ ಉಸಿರು ಕಟ್ಟುತ್ತಿದೆ ಎಂದುಕೊಂಡಳು. ಅಕ್ಕ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಳು, ಇಸ್ತ್ರಿ ಮಾಡಿದ ಬಿಳಿ ಕೋಟು ಮಡಿಲಲ್ಲಿ.

ತಪ್ಪು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಮಿತಿಯ ಹಿರಿಯ ಡಾಕ್ಟರು ಯಂತ್ರವೆಂದರೆ ಉರಿದುಬೀಳುವವರು. ಅದೇ ಆಕೆಯ ಧೈರ್ಯ. ಅವರು ಚಿತ್ರವನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ಹಿಡಿದರು.

"ಯಂತ್ರ ಹೇಳಿದ್ದೇ ಸರಿ ಕಣಮ್ಮ."

"ಸಾಧ್ಯನೇ ಇಲ್ಲ ಸರ್! ಅದು ಪಕ್ಕೆಲುಬು..."

"ಪಕ್ಕೆಲುಬು ಇಲ್ಲಿ ಹೋಗುತ್ತೆ." ಅವರ ಪೆನ್ಸಿಲ್ ತುದಿ ಮೆಲ್ಲಗೆ ಸರಿಯಿತು. "ಇದು ಅದರಾಚೆ ಇದೆ. ನೀವೇ ನೋಡಿ."

ಆಕೆ ಬಾಗಿ ನೋಡಿದಳು. ಎರಡು ದಿನದಿಂದ ಜಗಳಕ್ಕೆ ನಿಂತವಳಂತೆ ನೋಡಿದ್ದಳು. ಈಗ ಓದುವವಳಂತೆ ನೋಡಿದಳು. ಕಂಡಿತು. ಹನ್ನೆರಡು ವರ್ಷದಲ್ಲಿ ಇಂಥವನ್ನು ನೂರಾರು ಕಂಡಿದ್ದಳು.

"ತಡ ಮಾಡ್ಬೇಡಿ, ಈಕೆನ ಇವತ್ತೇ ಕರೆಸಿ. ಅಲ್ಲಾ, ವಿಳಾಸ ಇಲ್ಲ, ಫೋನ್ ನಂಬರೂ ಇಲ್ಲ. ಎಲ್ಲೀಂತ ಹುಡುಕೋದು?"

"ನಾನು ಹೇಳ್ತೀನಿ ಸರ್, ಅವಳಿಗೆ."

"ನಿಮಗೆ ಗೊತ್ತಿರೋರಾ?"

"ಗೊತ್ತು ಅಂದ್ಕೊಂಡಿದ್ದೆ."

ಹೊರಗೆ ಅಕ್ಕ ಎದ್ದು ನಿಂತಳು. "ಗೆದ್ವೇನೇ?"

ಆಕೆ ಬೆಂಚಿನ ಮೇಲೆ ಕೂತಳು. ಯಂತ್ರವನ್ನು ಹಳ್ಳಕ್ಕೆ ಕೆಡವಲು ಯಾವ ರೋಗವೂ ಇಲ್ಲದವರೊಬ್ಬರ ಚಿತ್ರ ಬೇಕಿತ್ತು; ಸುಳ್ಳು ಹೆಸರು ಬರೆದು ಆಕೆ ಅದರ ಮುಂದೆ ಒಡ್ಡಿದ್ದು ತನ್ನದೇ ಎದೆಯನ್ನು.